‘ಹೆಣ್ಣು ಎಲ್ವಿಸ್’ ಎಂದು ಕರೆಸಿಕೊಂಡ ಹುಡುಗಿ

ಈ ಸಲ ಕನ್ನಡ ಹಾಡುಗಳ ಮಾತಿಲ್ಲ. ಸಿ. ಅಶ್ವತ್ಥ್, ಜಿ.ಕೆ. ವೆಂಕಟೇಶ್, ಪಿ.ಬಿ. ಶ್ರೀನಿವಾಸ್ ಎಲ್ಲರಿಗೂ ಒಂದು ವಾರ ರಜೆ. ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ, ಅದೂ 1950ರ ದಶಕಕ್ಕೆ ಕರೆದುಕೊಂಡು ಹೋಗುತ್ತೇನೆ. ಗಾಬರಿಯಾಗಬೇಡಿ, ಇದೂ ರೇಡಿಯೋದ ಕಥೆಯೇ.

ಎಲ್ವಿಸ್ ಪ್ರೀಸ್ಲಿ ಗೊತ್ತಲ್ಲ? ಹಾಡು ಕೇಳದವರಿಗೂ ಆ ಹೆಸರು ಗೊತ್ತು, ಆ ಕ್ರಾಪು ಗೊತ್ತು. ಜ್ಯಾನಿಸ್ ಮಾರ್ಟಿನ್ ಎಂಬ ಹೆಸರು ಕೇಳಿದ್ದೀರಾ? ಹತ್ತರಲ್ಲಿ ಒಂಬತ್ತು ಮಂದಿ ಇಲ್ಲ ಅನ್ನುತ್ತೀರಿ. ಆದರೆ 1956ರಲ್ಲಿ ಇಬ್ಬರೂ ಒಂದೇ ಕಂಪನಿಯ ಹಾಡುಗಾರರು. ಒಂದೇ ಆರ್‌ಸಿಎ ವಿಕ್ಟರ್ ಲೇಬಲ್ಲು, ಇಬ್ಬರ ಧ್ವನಿಮುದ್ರಣವನ್ನೂ ನೋಡಿಕೊಳ್ಳುತ್ತಿದ್ದವರು ಸ್ಟೀವ್ ಶೋಲ್ಸ್ ಎಂಬ ಅಧಿಕಾರಿ. ಕಂಪನಿ ಆ ಹುಡುಗಿಯನ್ನು ‘ಫೀಮೇಲ್ ಎಲ್ವಿಸ್’ ಅಂತಲೇ ಮಾರಿತು. ಆಗ ಅವಳಿಗೆ 16 ವರ್ಷ. 18 ತುಂಬುವ ಹೊತ್ತಿಗೆ ಅದೇ ಕಂಪನಿ ಅವಳನ್ನು ಕೈಬಿಟ್ಟಿತು. ಯಾಕೆ ಅನ್ನುವುದೇ ಈ ಬರಹ.

ಮೊದಲು ಆ ಸಂಗೀತದ ಬಗ್ಗೆ ಎರಡು ಮಾತು. ರಾಕಬಿಲಿ ಅನ್ನುವುದು ಜೋಡಿ ಪದ. ರಾಕ್ ಅಂಡ್ ರೋಲ್‌ನ ‘ರಾಕ್’, ಹಿಲ್‌ಬಿಲಿಯ ‘ಬಿಲಿ’. ಹಿಲ್‌ಬಿಲಿ ಅಂದರೆ ದಕ್ಷಿಣದ ಗುಡ್ಡಗಾಡಿನ ಬಡ ಬಿಳಿಯರು, ಅವರ ಪಿಟೀಲು-ಗಿಟಾರಿನ ಹಳ್ಳಿ ಹಾಡು. ಅದಕ್ಕೆ ಕಪ್ಪು ಜನರ ರಿದಂ ಅಂಡ್ ಬ್ಲೂಸ್‌ನ ಓಟ ಬೆರೆತಾಗ ರಾಕಬಿಲಿ ಆಯಿತು. 1954ರ ಜುಲೈನಲ್ಲಿ ಮೆಂಫಿಸ್ ಊರಿನ ಸನ್ ಸ್ಟುಡಿಯೋದಲ್ಲಿ 19 ವರ್ಷದ ಎಲ್ವಿಸ್, ಗಿಟಾರ್ ನುಡಿಸುವ ಸ್ಕಾಟಿ ಮೂರ್, ದೊಡ್ಡ ಬೇಸ್ ಹಿಡಿದ ಬಿಲ್ ಬ್ಲ್ಯಾಕ್ ಸೇರಿ ಮಾಡಿದ್ದು ಇದನ್ನೇ. ಡ್ರಮ್ ಇರಲಿಲ್ಲ! ಬೇಸಿನ ತಂತಿಯನ್ನು ಎಳೆದು ಮರದ ಪಟ್ಟಿಗೆ ಚಟ್ ಎಂದು ಬಡಿಯುವುದೇ ತಾಳ. ಹಾಡುಗಾರನ ದನಿಯ ಹಿಂದೆಯೇ ಅದರ ಮಾರ್ದನಿ ಕ್ಷಣದೊಳಗೆ ಓಡಿ ಬರುವಂತೆ ಟೇಪ್ ಯಂತ್ರದಲ್ಲಿ ಒಂದು ಕೈಚಳಕ. ಅಷ್ಟೇ ಬಂಡವಾಳ. ಕೆಲವೇ ವರ್ಷ ಉರಿದು ಆರಿಹೋದ ಸಂಗೀತ ಇದು, ಆದರೆ ಉರಿದಷ್ಟು ಹೊತ್ತು ಚೆನ್ನಾಗಿಯೇ ಉರಿಯಿತು.

ಇದೆಲ್ಲ ಗಂಡು ಹುಡುಗರ ಆಟ ಎಂದು ಬಹಳ ಕಾಲ ಜನ ನಂಬಿದ್ದರು. ಕಾರ್ಲ್ ಪರ್ಕಿನ್ಸ್, ಜೆರ್ರಿ ಲೀ ಲೂಯಿಸ್, ಜೀನ್ ವಿನ್ಸೆಂಟ್... ಪಟ್ಟಿ ಹಾಗೇ ಸಾಗುತ್ತದೆ. ಹುಡುಗಿಯರೂ ಇದ್ದರು. ಒಕ್ಲಹೋಮಾದ ವಾಂಡಾ ಜ್ಯಾಕ್ಸನ್ ಇದ್ದರು, ಕ್ಯಾಲಿಫೋರ್ನಿಯಾದ ಟಿವಿಯಲ್ಲಿ ತಮ್ಮನ ಜೊತೆ ಹಾಡುತ್ತಿದ್ದ ಲಾರಿ ಕಾಲಿನ್ಸ್ ಇದ್ದರು, ಮೋಟುದ್ದದ ಬ್ರೆಂಡಾ ಲೀ ಇದ್ದರು. ನನಗೆ ಇವರಲ್ಲೆಲ್ಲ ಜ್ಯಾನಿಸ್ ಕಥೆಯೇ ಹೆಚ್ಚು ಕಾಡುತ್ತದೆ. ಉಳಿದವರು ಹೇಗೋ ದಡ ಸೇರಿದರು. ಈಕೆ ದಡದ ಹತ್ತಿರ ಬಂದು ತಳ್ಳಿಸಿಕೊಂಡವಳು.

ಹುಟ್ಟಿದ್ದು 1940ರ ಮಾರ್ಚ್ 27ರಂದು, ವರ್ಜೀನಿಯಾದ ಸದರ್ಲಿನ್ ಎಂಬ ಪುಟ್ಟ ಊರಿನಲ್ಲಿ. ಹತ್ತಿರದ ಪಟ್ಟಣ ಡ್ಯಾನ್‌ವಿಲ್. ತಂಬಾಕು ಮಾರುಕಟ್ಟೆ, ಹತ್ತಿ ಬಟ್ಟೆ ಗಿರಣಿ, ಪಕ್ಕದಲ್ಲಿ ಡ್ಯಾನ್ ನದಿ. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬಂದವರಿಗೆ ಗಿರಣಿ ಊರು ಅಂದರೆ ಹೆಚ್ಚು ವಿವರಿಸಬೇಕಿಲ್ಲ. ಈ ಡ್ಯಾನ್‌ವಿಲ್‌ಗೆ ಹಾಡಿನ ಚರಿತ್ರೆಯಲ್ಲಿ ಮೊದಲೇ ಒಂದು ಜಾಗವಿತ್ತು. 1903ರ ಸೆಪ್ಟೆಂಬರ್ 27ರಂದು ‘ಓಲ್ಡ್ 97’ ಎಂಬ ಟಪಾಲು ರೈಲು ಅಲ್ಲಿನ ಸೇತುವೆಯ ಮೇಲಿಂದ ಉರುಳಿ 11 ಜನ ಸತ್ತರು. ಊರವರು ಅದರ ಮೇಲೆ ಲಾವಣಿ ಕಟ್ಟಿದರು. 1924ರಲ್ಲಿ ವೆರ್ನನ್ ಡಾಲ್ಹರ್ಟ್ ಎಂಬಾತ ಆ ಲಾವಣಿ ಹಾಡಿದ ತಟ್ಟೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, ಹಳ್ಳಿ ಹಾಡಿಗೂ ಮಾರುಕಟ್ಟೆ ಇದೆ ಎಂದು ನ್ಯೂಯಾರ್ಕಿನ ಸಾಹೇಬರಿಗೆ ಮನವರಿಕೆ ಮಾಡಿಕೊಟ್ಟಿತು. ಗಿಟಾರು ಪಿಟೀಲು ಮನೆಮನೆಯಲ್ಲೂ ಇದ್ದ ಸೀಮೆ ಅದು.

ಜ್ಯಾನಿಸ್ ಮನೆಯಲ್ಲೂ ಅಪ್ಪ, ಚಿಕ್ಕಪ್ಪ ಇಬ್ಬರೂ ನುಡಿಸುವವರು. ಅಮ್ಮನಿಗೆ ಮಗಳನ್ನು ವೇದಿಕೆ ಹತ್ತಿಸುವ ಹಂಬಲ. ಆರು ತುಂಬುವ ಮೊದಲೇ ಹುಡುಗಿ ಗಿಟಾರ್ ಹಿಡಿದು ಹಾಡಲು ಶುರುಮಾಡಿದಳು. ಮಕ್ಕಳ ಪ್ರತಿಭಾ ಸ್ಪರ್ಧೆ ಎಲ್ಲಿ ನಡೆದರೂ ಅಮ್ಮ ಕರೆದುಕೊಂಡು ಹೋಗುತ್ತಿದ್ದಳು, ಮಗಳು ಬಹುಮಾನ ತರುತ್ತಿದ್ದಳು. (ಇಂಥ ಅಮ್ಮಂದಿರು ನಮ್ಮ ಬಡಾವಣೆಗಳಲ್ಲೂ ಇದ್ದಾರೆ, ಹೆಸರು ಬೇಡ!) 11ನೇ ವಯಸ್ಸಿಗೆ ಡ್ಯಾನ್‌ವಿಲ್‌ನ ರೇಡಿಯೋ ಕಾರ್ಯಕ್ರಮ. ಅಲ್ಲಿಂದ ನೇರ ರಾಜಧಾನಿ ರಿಚ್ಮಂಡ್‌ಗೆ, ಡಬ್ಲ್ಯುಆರ್‌ವಿಎ ಸ್ಟೇಷನ್ನಿನ ‘ಓಲ್ಡ್ ಡೊಮಿನಿಯನ್ ಬಾರ್ನ್ ಡ್ಯಾನ್ಸ್’ಗೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಬಾರ್ನ್ ಅಂದರೆ ಕಣಜ, ಕೊಟ್ಟಿಗೆ. ಸುಗ್ಗಿ ಮುಗಿದ ಮೇಲೆ ಕೊಟ್ಟಿಗೆಯಲ್ಲಿ ಊರು ಸೇರಿ ಕುಣಿಯುವ ಪದ್ಧತಿಯನ್ನೇ ರೇಡಿಯೋಗೆ ತಂದ ಕಾರ್ಯಕ್ರಮಗಳಿವು. ವಾರದ ಕೊನೆಗೆ ಒಂದು ಥಿಯೇಟರಿನಲ್ಲಿ ಟಿಕೆಟ್ ಕೊಂಡ ಜನರ ಮುಂದೆ ಹಾಡು, ಹಾಸ್ಯ, ಪಿಟೀಲು. ಅದೇ ನೇರವಾಗಿ ರೇಡಿಯೋದಲ್ಲಿ. ರಿಚ್ಮಂಡ್‌ನ ಈ ಕಾರ್ಯಕ್ರಮ 1946ರಲ್ಲಿ ಶುರುವಾಗಿ 1957ರವರೆಗೆ ನಡೆಯಿತು. ನಡೆಸಿಕೊಡುತ್ತಿದ್ದವರು ‘ಸನ್‌ಶೈನ್ ಸೂ’ ಎಂಬ ಹೆಣ್ಣುಮಗಳು. ಆ ಕಾಲದಲ್ಲಿ ಇಂಥ ದೊಡ್ಡ ಕಾರ್ಯಕ್ರಮದ ಯಜಮಾನಿಕೆ ಹೆಂಗಸಿನ ಕೈಯಲ್ಲಿರುವುದು ಅಪರೂಪ.

ಸ್ಟೇಷನ್ನಿನ ಶಕ್ತಿ ಎಷ್ಟು ಗೊತ್ತೇ? 50,000 ವಾಟ್. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದಾಗ ಕೈಯಲ್ಲಿದ್ದದ್ದು 30 ವಾಟಿನ ಯಂತ್ರ. ಲೆಕ್ಕ ಹಾಕಿ ನೋಡಿ. ಮೀಡಿಯಂ ವೇವ್ ಅಲೆಗೆ ಇನ್ನೊಂದು ಗುಣವಿದೆ. ಹಗಲಲ್ಲಿ ನೆಲ ಹಿಡಿದು ಹೋಗಿ ಒಂದಷ್ಟು ದೂರಕ್ಕೆ ಸುಸ್ತಾಗುತ್ತದೆ. ಕತ್ತಲಾದ ಮೇಲೆ ಮೇಲಿನ ಆಕಾಶದ ಪದರಕ್ಕೆ ತಾಗಿ ಮತ್ತೆ ಭೂಮಿಗೆ ಇಳಿಯುತ್ತದೆ, ನೂರಾರು ಮೈಲಿಯಾಚೆ. ಮುಂಬಯಿಯಲ್ಲೋ ಪುಣೆಯಲ್ಲೋ ಕುಳಿತು ರಾತ್ರಿ ಹೊತ್ತು ಧಾರವಾಡ ಸ್ಟೇಷನ್ನಿಗಾಗಿ ಟ್ರಾನ್ಸಿಸ್ಟರನ್ನು ಕಿಟಕಿಯ ಕಡೆ, ಗೋಡೆಯ ಕಡೆ ತಿರುಗಿಸಿದವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಆ ಗೊರಗೊರದ ನಡುವೆ ಒಂದು ಕನ್ನಡ ದನಿ ಸಿಕ್ಕಿದಾಗ ಆಗುವ ಸಂತೋಷ ನಿಮಗೆ ಗೊತ್ತು. ಹಾಗೆಯೇ ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಕತ್ತಲಲ್ಲಿ ಜನ ಈ ಪುಟ್ಟ ಹುಡುಗಿಯ ದನಿ ಕೇಳಿದರು.

ಆದರೆ ಹುಡುಗಿಗೆ ಆ ಹಾಡುಗಳು ಬೇಸರ ತರಿಸತೊಡಗಿದವು. ಹದಿಮೂರು-ಹದಿನಾಲ್ಕರ ವಯಸ್ಸು ನೋಡಿ. ಕಣ್ಣೀರಿನ ಕಂಟ್ರಿ ಹಾಡು ಎಷ್ಟು ದಿನ? ಅವಳ ಕಿವಿ ಬೇರೆ ಕಡೆ ತಿರುಗಿತ್ತು. ರೂತ್ ಬ್ರೌನ್, ಲಾವರ್ನ್ ಬೇಕರ್. ಇಬ್ಬರೂ ಕಪ್ಪು ಗಾಯಕಿಯರು, ಅಟ್ಲಾಂಟಿಕ್ ಎಂಬ ಹೊಸ ಕಂಪನಿಯ ತಾರೆಯರು. ರೂತ್ ಬ್ರೌನ್ ಅದೇ ವರ್ಜೀನಿಯಾದ ಪೋರ್ಟ್ಸ್‌ಮತ್ ಊರಿನವರು. ಗಂಟಲನ್ನು ತಟ್ಟನೆ ಒಡೆದು ಮೇಲಕ್ಕೆ ಎಸೆಯುವ ಅವರ ಶೈಲಿ, ಬೀಟನ್ನು ಹಿಡಿದು ಜಗ್ಗುವ ಗತ್ತು ಜ್ಯಾನಿಸ್‌ಗೆ ಹಿಡಿಸಿಬಿಟ್ಟಿತು. ಬಾರ್ನ್ ಡ್ಯಾನ್ಸ್ ವೇದಿಕೆಯ ಮೇಲೇ ಅಂಥ ಹಾಡು ಹಾಡತೊಡಗಿದಳು. ಎಲ್ವಿಸ್ ಅನ್ನು ನೋಡಿ ಕಲಿತವಳಲ್ಲ ಈಕೆ, ಇದನ್ನು ನೆನಪಿಡಿ. ಎಲ್ವಿಸ್ ಯಾವ ಬಾವಿಯಿಂದ ನೀರು ಸೇದಿದನೋ ಅದೇ ಬಾವಿಗೆ ತಾನಾಗಿಯೇ ಹೋದವಳು. ‘ಹೆಣ್ಣು ಎಲ್ವಿಸ್’ ಅನ್ನುವ ಬಿರುದು ಆಮೇಲೆ ಅಂಟಿಸಿದ್ದು. ಅದರಿಂದ ಅವಳಿಗೆ ಆದ ಲಾಭಕ್ಕಿಂತ ಅನ್ಯಾಯವೇ ಹೆಚ್ಚು ಎಂದು ನನ್ನ ಅನಿಸಿಕೆ.

ಆಗ ಡಬ್ಲ್ಯುಆರ್‌ವಿಎಯಲ್ಲಿ ಕಾರ್ಲ್ ಸ್ಟಟ್ಜ್ ಎಂಬ ಉದ್ಘೋಷಕರಿದ್ದರು. ಸಾಮಾನ್ಯರಲ್ಲ. ರಿಚ್ಮಂಡ್‌ನ ಪತ್ರಕರ್ತೆ ಈಡಿತ್ ಲಿಂಡೆಮನ್ ಜೊತೆ ಸೇರಿ ಅವರು ಬರೆದ ‘ಲಿಟಲ್ ಥಿಂಗ್ಸ್ ಮೀನ್ ಎ ಲಾಟ್’ ಹಾಡು ಕಿಟಿ ಕ್ಯಾಲನ್ ಕಂಠದಲ್ಲಿ 1954ರಲ್ಲಿ ಅಮೆರಿಕದ ನಂಬರ್ 1 ಆಗಿತ್ತು. ಮೈಕಿನ ಮುಂದೆ ಸಮಯ ಹೇಳುತ್ತ, ಜಾಹೀರಾತು ಓದುತ್ತ ಕೂತ ಮನುಷ್ಯ ದೇಶಕ್ಕೆ ದೇಶವೇ ಗುನುಗುವ ಹಾಡು ಬರೆದಿದ್ದಾರೆ ಅಂದರೆ ನಮ್ಮಂಥ ರೇಡಿಯೋ ಮಂದಿಗೆ ಎಷ್ಟು ಹೆಮ್ಮೆ! ಇದೇ ಸ್ಟಟ್ಜ್ ತಮ್ಮ ಸಹೋದ್ಯೋಗಿ ಕಾರ್ಲ್ ಬೇರ್‌ಫೂಟ್ ಜೊತೆ ‘ವಿಲ್ ಯೂ, ವಿಲಿಯಂ’ ಎಂಬ ತುಂಟ ಹಾಡು ಬರೆದರು. ಪ್ರಕಾಶಕರಿಗೆ ತೋರಿಸಲು ಒಂದು ಮಾದರಿ ಟೇಪ್ ಬೇಕಿತ್ತು. ಸ್ಟೇಷನ್ನಿನಲ್ಲೇ ಓಡಾಡಿಕೊಂಡಿದ್ದ ಹುಡುಗಿಯಿಂದ ಹಾಡಿಸಿ ನ್ಯೂಯಾರ್ಕಿಗೆ ಕಳಿಸಿದರು. ಅದು ಆರ್‌ಸಿಎಯ ಸ್ಟೀವ್ ಶೋಲ್ಸ್ ಕಿವಿಗೆ ಬಿತ್ತು. ಅವರಿಗೆ ಹಾಡಷ್ಟೇ ಸಾಲಲಿಲ್ಲ, ಹಾಡಿದವಳೂ ಬೇಕಾಯಿತು.

ಶೋಲ್ಸ್ ಆಗ ಎಂಥ ಆತಂಕದಲ್ಲಿದ್ದರೆಂದು ಊಹಿಸಿ. 1955ರ ನವೆಂಬರಿನಲ್ಲಷ್ಟೇ ಎಲ್ವಿಸ್ ಒಪ್ಪಂದವನ್ನು ಸನ್ ಕಂಪನಿಯಿಂದ 35,000 ಡಾಲರಿಗೆ ಕೊಂಡಿದ್ದರು. ಆ ಕಾಲಕ್ಕೆ ಕೇಳರಿಯದ ಮೊತ್ತ. 1956ರ ಜನವರಿಯಲ್ಲಿ ‘ಹಾರ್ಟ್‌ಬ್ರೇಕ್ ಹೋಟೆಲ್’ ಧ್ವನಿಮುದ್ರಣವಾಯಿತು, ವಸಂತದ ಹೊತ್ತಿಗೆ ದೇಶವೆಲ್ಲ ಅದೇ ಮಾತು. ಮಾರುಕಟ್ಟೆ ಬಿಸಿಯಿರುವಾಗಲೇ ಅದೇ ಹಿಟ್ಟಿನಲ್ಲಿ ಇನ್ನೊಂದು ದೋಸೆ ಹುಯ್ಯಬೇಕು ಎಂದು ಯಾವ ವ್ಯಾಪಾರಿಗಾದರೂ ಅನಿಸುವುದೇ.

1956ರ ಮಾರ್ಚ್ ತಿಂಗಳು, ನ್ಯಾಶ್‌ವಿಲ್. ಜ್ಯಾನಿಸ್ ಸ್ಟುಡಿಯೋಗೆ ಬಂದಾಗ 16 ತುಂಬಲು ಇನ್ನೂ ಕೆಲವು ದಿನ ಬಾಕಿ. ಗಿಟಾರಿನಲ್ಲಿ ಮಹಾನುಭಾವ ಚೆಟ್ ಆಟ್ಕಿನ್ಸ್. ತಟ್ಟೆಯ ಒಂದು ಬದಿಗೆ ‘ವಿಲ್ ಯೂ, ವಿಲಿಯಂ’, ಇನ್ನೊಂದು ಬದಿಗೆ ಹುಡುಗಿ ತಾನೇ ಬರೆದ ‘ಡ್ರಗ್‌ಸ್ಟೋರ್ ರಾಕ್ ಅಂಡ್ ರೋಲ್’. ಗಮನಿಸಿ, ತಾನೇ ಬರೆದದ್ದು. ಆ ಕಾಲದಲ್ಲಿ ಎಲ್ವಿಸ್ ಕೂಡ ಬೇರೆಯವರು ಬರೆದುಕೊಟ್ಟಿದ್ದನ್ನೇ ಹಾಡುತ್ತಿದ್ದ.

ಡ್ರಗ್‌ಸ್ಟೋರ್ ಅಂದರೆ ಬರೀ ಔಷಧಿ ಅಂಗಡಿ ಅಂದುಕೊಳ್ಳಬೇಡಿ. ಅಲ್ಲೇ ಒಂದು ಬದಿಗೆ ಉದ್ದನೆಯ ಕಟ್ಟೆ, ಎತ್ತರದ ಸ್ಟೂಲುಗಳು, ಸೋಡಾ, ಐಸ್‌ಕ್ರೀಂ, ಮೂಲೆಯಲ್ಲಿ ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್. ಶಾಲೆ ಬಿಟ್ಟ ಹುಡುಗ ಹುಡುಗಿಯರು ಸೇರುವ ಅಡ್ಡಾ. ಮಾಟುಂಗಾದ ಉಡುಪಿ ಹೋಟೆಲಿಗೂ ಕಾಲೇಜು ಹುಡುಗರಿಗೂ ಇದ್ದ ನಂಟನ್ನು ನೆನೆದುಕೊಳ್ಳಿ, ಹೆಚ್ಚುಕಡಿಮೆ ಅದೇ. ಆ ಸಂಜೆಯ ಗಲಾಟೆಯನ್ನೇ ಹುಡುಗಿ ಹಾಡು ಮಾಡಿದಳು. ಕೇಳಿದರೆ ಇವತ್ತಿಗೂ ಕಾಲು ಸುಮ್ಮನಿರುವುದಿಲ್ಲ.

ಆದರೆ ಇದರಲ್ಲೊಂದು ಕಹಿಯೂ ಇದೆ. ಯಾರ ದನಿ ಕೇಳಿ ಅವಳು ಹಾಗೆ ಹಾಡಲು ಕಲಿತಳೋ ಆ ರೂತ್ ಬ್ರೌನ್, ದಕ್ಷಿಣದಲ್ಲಿ ಅಂಥ ಕಟ್ಟೆಯ ಮುಂದೆ ಕೂತು ಒಂದು ಲೋಟ ಸೋಡಾ ಕುಡಿಯುವಂತಿರಲಿಲ್ಲ. ಕರಿಯರಿಗೆ ಕೂರಲು ಜಾಗವಿರಲಿಲ್ಲ. ಡ್ಯಾನ್‌ವಿಲ್‌ನಿಂದ ಸುಮಾರು 70 ಕಿಲೋಮೀಟರ್ ದೂರದ ಗ್ರೀನ್ಸ್‌ಬರೋ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಉಲ್ವರ್ತ್ ಅಂಗಡಿಯ ತಿಂಡಿ ಕಟ್ಟೆಯ ಮುಂದೆ ಕೂತು, ಬಡಿಸದಿದ್ದರೂ ಏಳದೆ ಇದ್ದಾಗ ದೇಶದ ಚರಿತ್ರೆಯೇ ತಿರುಗಿತು. ಡ್ಯಾನ್‌ವಿಲ್‌ನಲ್ಲೇ 1963ರ ಜೂನಿನಲ್ಲಿ ಸಮಾನತೆ ಕೇಳಿದವರ ಮೇಲೆ ಪೊಲೀಸರು ಲಾಠಿ ಬೀಸಿದರು, ನೀರಿನ ಪೈಪು ಹಿಡಿದರು. ರಾಕಬಿಲಿಯ ಗಮ್ಮತ್ತನ್ನು ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳು ಹೇಳಿದಂತೆ. ರೂತ್ ಬ್ರೌನ್ ತಮ್ಮ ತಟ್ಟೆಗಳಿಂದ ಕಂಪನಿಯನ್ನು ಸಾಕಿದವರು. ಆದರೂ ಮುಂದೆ ಮನೆಗೆಲಸ ಮಾಡಿ, ಶಾಲಾ ಬಸ್ ಓಡಿಸಿ ಮಕ್ಕಳನ್ನು ಬೆಳೆಸಬೇಕಾಯಿತು. ತಮ್ಮ ರಾಯಲ್ಟಿಗಾಗಿ ಅವರು ಮಾಡಿದ ಹೋರಾಟವೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಇರಲಿ, ನಮ್ಮ ಹುಡುಗಿಗೆ ಬರೋಣ. ‘ವಿಲ್ ಯೂ, ವಿಲಿಯಂ’ ಗೆದ್ದಿತು. ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 50ನೇ ಸ್ಥಾನದವರೆಗೆ ಏರಿತು. ಏಳೂವರೆ ಲಕ್ಷ ತಟ್ಟೆ ಮಾರಾಟವಾಯಿತು ಎಂದು ಅವಳ ಬಗ್ಗೆ ಬರೆದವರೆಲ್ಲ ಬರೆಯುತ್ತಾರೆ. 50ನೇ ಸ್ಥಾನದಲ್ಲಿ ನಿಂತ ಹಾಡು ಅಷ್ಟು ಮಾರಾಟವಾಗುವುದು ನನಗೇಕೋ ಜಾಸ್ತಿ ಅನಿಸುತ್ತದೆ, ಕಂಪನಿಯ ಪ್ರಚಾರದ ಲೆಕ್ಕವಿದ್ದರೂ ಇರಬಹುದು. ಅಂತೂ ಹೆಸರು ಬಂತು. ಅದೇ ವರ್ಷ ಬಿಲ್‌ಬೋರ್ಡ್ ಅವಳನ್ನು ಅತ್ಯಂತ ಭರವಸೆಯ ಗಾಯಕಿ ಎಂದು ಆರಿಸಿತು. ಟುನೈಟ್ ಶೋ, ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್, ಗ್ರ್ಯಾಂಡ್ ಓಲ್ ಆಪ್ರಿ ಎಲ್ಲ ಕಡೆಯಿಂದ ಕರೆ. ಜುಟ್ಟು ಕಟ್ಟಿ, ಗಿಟಾರ್ ತೂಗುಹಾಕಿ ನಿಂತ ಫೋಟೋಗಳು. ವೇದಿಕೆಯ ಮೇಲೆ ಅವಳೂ ಸುಮ್ಮನೆ ನಿಲ್ಲುವವಳಲ್ಲ, ಕಾಲು ಸೊಂಟ ಎಲ್ಲ ಹಾಡುತ್ತಿದ್ದವು. ಹುಡುಗ ಕುಣಿದರೆ ಚಪಲ, ಹುಡುಗಿ ಕುಣಿದರೆ ಅಪಚಾರ. ಹಿರಿಯರ ಹುಬ್ಬು ಗಂಟಿಕ್ಕಿತು. ವಾಂಡಾ ಜ್ಯಾಕ್ಸನ್‌ಗೂ ಇದೇ ಅನುಭವ. 1955ರಲ್ಲಿ ಆಪ್ರಿ ವೇದಿಕೆಗೆ ಅಮ್ಮ ಹೊಲಿದುಕೊಟ್ಟ ಬಟ್ಟೆ ಹಾಕಿಕೊಂಡು ಹೋದಾಗ, ಭುಜ ಮುಚ್ಚಿಕೊಂಡು ಬಾ ಎಂದು ಕೋಟು ಹಾಕಿಸಿ ಹಾಡಿಸಿದ್ದರು.

‘ಫೀಮೇಲ್ ಎಲ್ವಿಸ್’ ಬಿರುದಿನ ಜೊತೆಗೆ ಕಂಪನಿ ಅವಳಿಂದ ‘ಮೈ ಬಾಯ್ ಎಲ್ವಿಸ್’ ಎಂಬ ಹಾಡನ್ನೂ ಹಾಡಿಸಿತು. ಎಲ್ವಿಸ್ ಅವಳಿಗೆ ಗುಲಾಬಿ ಹೂಗಳನ್ನು ಕಳಿಸಿದ್ದ. ಆದರೆ ಇಬ್ಬರ ಭೇಟಿ ಬೆರಳೆಣಿಕೆಯಷ್ಟೂ ಆಗಲಿಲ್ಲ. ಒಂದು ತಮಾಷೆ ಕೇಳಿ. ದಕ್ಷಿಣ ಆಫ್ರಿಕಾದಲ್ಲಿ ಇಬ್ಬರ ಹಾಡುಗಳನ್ನೂ ಸೇರಿಸಿ ‘ಜ್ಯಾನಿಸ್ ಅಂಡ್ ಎಲ್ವಿಸ್’ ಎಂಬ ಎಲ್ಪಿ ಬಂತು. ಹೆಸರಿನಲ್ಲಿ ಅವಳು ಮೊದಲು! ಎಲ್ವಿಸ್ ಮ್ಯಾನೇಜರ್ ಕರ್ನಲ್ ಪಾರ್ಕರ್ ಕೆಂಡಾಮಂಡಲವಾದರಂತೆ. ಎಲ್ಪಿ ಅಂಗಡಿಗಳಿಂದ ವಾಪಸಾಯಿತು. ಅಲ್ಲಿ ಇಲ್ಲಿ ಉಳಿದುಕೊಂಡ ಪ್ರತಿಗಳಿಗೆ ಸಂಗ್ರಹಕಾರರು ಕೊಡುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಈಗ ಮುಖ್ಯ ವಿಷಯ. ಈ ಎಲ್ಲ ಗದ್ದಲದ ನಡುವೆ ಹುಡುಗಿ ಒಂದು ಗುಟ್ಟು ಇಟ್ಟುಕೊಂಡಿದ್ದಳು. ಕಂಪನಿಗೆ ಗೊತ್ತಿರಲಿಲ್ಲ. 1956ರ ಜನವರಿಯಲ್ಲೇ, ಅಂದರೆ ಮೊದಲ ತಟ್ಟೆಗೂ ಮುಂಚೆ, 15ನೇ ವಯಸ್ಸಿನಲ್ಲಿ ಅವಳು ಪ್ರೀತಿಸಿದ ಹುಡುಗನನ್ನು ಓಡಿಹೋಗಿ ಮದುವೆಯಾಗಿದ್ದಳು. ಆತ ಪ್ಯಾರಾಶೂಟ್ ಸೈನಿಕ. ಅವನಿಗೆ ಜರ್ಮನಿಗೆ ವರ್ಗವಾಯಿತು, ಇವಳಿಗೆ ನ್ಯಾಶ್‌ವಿಲ್‌ನಿಂದ ಕರೆ ಬಂತು. ಕಂಪನಿಯ ಲೆಕ್ಕದಲ್ಲಿ ಅವಳು ಎಲ್ಲರ ಮನೆಯ ಹುಡುಗಿ, ಯಾರಿಗೂ ಸೇರದ ಹುಡುಗಿ. ಪಾಪ, ಅದೇ ವರ್ಷ ಅವರು ಅವಳಿಂದ ಹಾಡಿಸಿದ ಇನ್ನೊಂದು ಹಾಡಿನ ಹೆಸರೇನು ಗೊತ್ತೇ? ‘ಲೆಟ್ಸ್ ಇಲೋಪ್ ಬೇಬಿ’. ಓಡಿಹೋಗಿ ಮದುವೆಯಾಗೋಣ ಬಾ ಎಂದು! ಮೈಕಿನ ಮುಂದೆ ನಿಂತಾಗ ಅವಳಿಗೆ ನಗು ಬಂದಿತ್ತೋ ಭಯವಾಗಿತ್ತೋ.

1957ರಲ್ಲಿ ಯೂರೋಪಿನ ಅಮೆರಿಕನ್ ಸೈನಿಕ ನೆಲೆಗಳಲ್ಲಿ ಹಾಡಲು ಆರ್‌ಸಿಎ ಒಂದು ತಂಡ ಕಳಿಸಿತು. ಮುಖ್ಯ ಗಾಯಕ ಜಿಮ್ ರೀವ್ಸ್. ಹೌದು, ನಮ್ಮ ಅದೇ ಜಿಮ್ ರೀವ್ಸ್! ಬೆಂಗಳೂರಿನ ದಂಡು ಪ್ರದೇಶದಿಂದ ಹಿಡಿದು ಮದರಾಸಿನ ಪೆರಂಬೂರಿನವರೆಗೆ ಕ್ರಿಸ್‌ಮಸ್ ಬಂತೆಂದರೆ ಆ ಮೆತ್ತನೆಯ ದನಿ ಕೇಳದ ಬೀದಿ ಇರಲಿಲ್ಲ. ಹ್ಯಾಂಕ್ ಲಾಕ್ಲಿನ್, ಪಿಯಾನೋದ ಡೆಲ್ ವುಡ್ ಜೊತೆಗಿದ್ದರು. ಜ್ಯಾನಿಸ್ ಕೂಡ ಹೋದಳು. ಅಲ್ಲಿ ಗಂಡ ರಜೆ ಹಾಕಿ ಬಂದು ಸೇರಿಕೊಂಡ. ವರ್ಷ ಕಳೆದು ಸಿಕ್ಕ ಗಂಡ ಹೆಂಡತಿ. ಊರಿಗೆ ಮರಳಿದ ಮೇಲೆ ಅವಳು ಗರ್ಭಿಣಿ ಎಂದು ತಿಳಿಯಿತು. ಇನ್ನು ಗುಟ್ಟು ಉಳಿಯುವ ಮಾತೆಲ್ಲಿ? 1958ರಲ್ಲಿ ಆರ್‌ಸಿಎ ಅವಳನ್ನು ಬಿಟ್ಟುಕೊಟ್ಟಿತು. ಹಾಡು ಕೆಟ್ಟಿರಲಿಲ್ಲ, ಕಂಠ ಕೆಟ್ಟಿರಲಿಲ್ಲ. ಜುಟ್ಟು ಕಟ್ಟಿದ ಹದಿಹರೆಯದ ಹುಡುಗಿಯ ಚಿತ್ರ ಕೆಟ್ಟಿತ್ತು, ಅಷ್ಟೇ.

ಇದೇ 1958ರ ಮಾರ್ಚ್ 24ರಂದು ಎಲ್ವಿಸ್ ಸೈನ್ಯಕ್ಕೆ ಸೇರಿದ. ಅವನೂ ಜರ್ಮನಿಗೇ ಹೋದ. ಎರಡು ವರ್ಷ ಗೈರುಹಾಜರು. ಕಂಪನಿ ಏನು ಮಾಡಿತು? ಮೊದಲೇ ಧ್ವನಿಮುದ್ರಿಸಿಟ್ಟ ಹಾಡುಗಳನ್ನು ಲೆಕ್ಕ ಹಾಕಿ ಒಂದೊಂದಾಗಿ ಬಿಟ್ಟು, ಹೆಸರು ಮಾಸದಂತೆ ಕಾಪಾಡಿಕೊಂಡಿತು. 1959ರಲ್ಲಿ ಅವನು ದೂರದ ಬ್ಯಾರಕ್ಕಿನಲ್ಲಿ ಕವಾಯತು ಮಾಡುತ್ತಿದ್ದಾಗ ಇಲ್ಲಿ ಅವನ ಹಾಡು ನಂಬರ್ 1 ಆಗಿತ್ತು. ಗಂಡಿಗೆ ಎರಡು ವರ್ಷ ಕಾಯಲು ಬಂದ ಕಂಪನಿಗೆ ಹೆಣ್ಣಿಗೆ ಒಂದು ಬಾಣಂತನ ಕಾಯಲು ಬರಲಿಲ್ಲ. ಇಬ್ಬರ ಮಾರಾಟದ ಮೊತ್ತ ಒಂದೇ ಅಲ್ಲ, ಒಪ್ಪುತ್ತೇನೆ. ಎಲ್ವಿಸ್ ಎಲ್ಲಿ, ಈಕೆ ಎಲ್ಲಿ. ಆದರೂ ಈ ಎರಡು ಸಂಗತಿ ಒಂದೇ ವರ್ಷದಲ್ಲಿ, ಒಂದೇ ಕಚೇರಿಯಲ್ಲಿ ನಡೆದವು ಎನ್ನುವುದನ್ನು ಮರೆಯಲಾಗುವುದಿಲ್ಲ.

ಇಲ್ಲಿ ನನಗೆ ಮುಂಬಯಿ ನೆನಪಾಗುತ್ತದೆ. ಅದೇ 1957ರಲ್ಲಿ ‘ಆಶಾ’ ಚಿತ್ರಕ್ಕೆ ಸಿ. ರಾಮಚಂದ್ರ ರಾಕ್ ಅಂಡ್ ರೋಲ್ ಧಾಟಿಯಲ್ಲಿ ‘ಈನಾ ಮೀನಾ ಡೀಕಾ’ ಮಾಡಿದರು. ಒಂದು ಸಲ ಕಿಶೋರ್ ಹಾಡಿದರೆ, ಇನ್ನೊಂದು ಸಲ ಆಶಾ ಭೋಸ್ಲೆ. ಆಶಾ ಕೂಡ 16ನೇ ವಯಸ್ಸಿನಲ್ಲಿ ಮನೆಯವರ ಮಾತು ಮೀರಿ ಓಡಿಹೋಗಿ ಮದುವೆಯಾದವರು. ಬಸುರು, ಬಾಣಂತನ, ಮಕ್ಕಳು, ಸಂಸಾರದ ಜಗಳ ಎಲ್ಲದರ ನಡುವೆಯೂ ಹಾಡುತ್ತಲೇ ಹೋದರು. ನಮ್ಮ ಸಿನಿಮಾ ಮಂದಿ ಅಮೆರಿಕದವರಿಗಿಂತ ಉದಾರಿಗಳು ಅಂತಲೋ? ಖಂಡಿತ ಅಲ್ಲ. ಇಲ್ಲಿ ಹಾಡುವವಳು ಪರದೆಯ ಹಿಂದೆ, ಕುಣಿಯುವವಳು ಪರದೆಯ ಮೇಲೆ. ಕಂಠಕ್ಕೆ ಮದುವೆಯಾಗಿದೆಯೋ ಇಲ್ಲವೋ ಪ್ರೇಕ್ಷಕನಿಗೆ ಏನಾಗಬೇಕು? ಜ್ಯಾನಿಸ್‌ಗೆ ಆ ಪರದೆ ಇರಲಿಲ್ಲ. ಟಿವಿ ಬಂದುಬಿಟ್ಟಿತ್ತು. ಬರೀ ರೇಡಿಯೋದ ಕಾಲವಾಗಿದ್ದರೆ ಅವಳು ಇನ್ನೂ ಹತ್ತು ವರ್ಷ ಹಾಡುತ್ತಿದ್ದಳೇನೋ. ರೇಡಿಯೋದವನಾದ್ದರಿಂದ ಹೀಗೆ ಹೇಳುತ್ತಿದ್ದೇನೆ ಎಂದು ನೀವು ನಕ್ಕರೂ ಅಡ್ಡಿಯಿಲ್ಲ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1960ರಲ್ಲಿ ಬೆಲ್ಜಿಯಂನ ಪ್ಯಾಲೆಟ್ ಕಂಪನಿಗೆ ನಾಲ್ಕು ಹಾಡು ಹಾಡಿದಳು, ಕೈಹಿಡಿಯಲಿಲ್ಲ. ಮೊದಲ ಮದುವೆ ಮುರಿಯಿತು. ಎರಡನೆಯ ಗಂಡನಿಗೆ ಹಾಡು, ಊರೂರು ತಿರುಗಾಟ ಸೇರಲಿಲ್ಲ. ಗಿಟಾರು ಮೂಲೆ ಸೇರಿತು. ಡ್ಯಾನ್‌ವಿಲ್‌ನಲ್ಲೇ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕೆಲಸ. ಕ್ಲಬ್ಬಿಗೆ ಬರುವ ಎಷ್ಟು ಜನಕ್ಕೆ ಈಕೆ ಯಾರೆಂದು ಗೊತ್ತಿತ್ತೋ. 1970ರ ದಶಕದಲ್ಲಿ ಸ್ಥಳೀಯ ತಂಡ ಕಟ್ಟಿಕೊಂಡು ಮತ್ತೆ ಹಾಡತೊಡಗಿದರು. (ಇನ್ನು ‘ಅವಳು’ ಬೇಡ, ವಯಸ್ಸಾಯಿತು.)

ಅಷ್ಟರಲ್ಲಿ ಸಮುದ್ರದಾಚೆ ಏನೋ ನಡೆದಿತ್ತು. ಬ್ರಿಟನ್, ಜರ್ಮನಿ, ಫ್ರಾನ್ಸ್ ಕಡೆಯ ಹುಡುಗರು 50ರ ದಶಕದ ಹಳೇ ತಟ್ಟೆಗಳನ್ನು ಹುಡುಕಿ ಕೇಳುವ ಹುಚ್ಚು ಹಿಡಿಸಿಕೊಂಡಿದ್ದರು. ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿ ಜ್ಯಾನಿಸ್‌ರ ಹಾಡುಗಳನ್ನು 1970ರ ದಶಕದ ಕೊನೆಯಲ್ಲಿ ಮತ್ತೆ ಎಲ್ಪಿಗಳಾಗಿ ತಂದಿತು, 1987ರಲ್ಲಿ ಎಲ್ಲವನ್ನೂ ಒಂದೇ ಸಿಡಿಯಲ್ಲಿ. ಅಮೆರಿಕ ಮರೆತದ್ದನ್ನು ಯೂರೋಪು ಎತ್ತಿಟ್ಟುಕೊಂಡಿತು. ಕರೆದು ವೇದಿಕೆ ಹತ್ತಿಸಿತು. ತಾವು ಹುಟ್ಟುವ ಮೊದಲಿನ ಹಾಡುಗಳ ಸಾಲುಗಳನ್ನು ಬಾಯಿಪಾಠ ಹೇಳುವ ಇಪ್ಪತ್ತರ ಹುಡುಗರ ಮುಂದೆ ಅವರು ಹಾಡಿದರು.

1995ರಲ್ಲಿ ಟೆಕ್ಸಾಸ್ ಮೂಲದ ಗಾಯಕಿ ರೋಸಿ ಫ್ಲೋರೆಸ್ ತಮ್ಮ ‘ರಾಕಬಿಲಿ ಫಿಲ್ಲಿ’ ಆಲ್ಬಂನಲ್ಲಿ ವಾಂಡಾ ಜ್ಯಾಕ್ಸನ್ ಮತ್ತು ಜ್ಯಾನಿಸ್ ಇಬ್ಬರನ್ನೂ ಕರೆದು ಜೊತೆಗೆ ಹಾಡಿಸಿದರು. ಅದರಿಂದ ವಾಂಡಾ ಅವರಿಗೆ ದೊಡ್ಡ ಬಾಗಿಲೇ ತೆರೆಯಿತು. 2009ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯೂ ಆದರು. 2001ರಲ್ಲಿ ಬೆತ್ ಹ್ಯಾರಿಂಗ್ಟನ್ ಈ ಮರೆತ ಹೆಣ್ಣುಮಕ್ಕಳ ಬಗ್ಗೆಯೇ ‘ವೆಲ್‌ಕಂ ಟು ದ ಕ್ಲಬ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಸಿಕ್ಕರೆ ನೋಡಿ, ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ.

ರೋಸಿ ಮಾತ್ರ ಜ್ಯಾನಿಸ್‌ರನ್ನು ಬಿಡಲಿಲ್ಲ. ನಿಮ್ಮದೇ ಒಂದು ಪೂರ್ತಿ ಆಲ್ಬಂ ಆಗಬೇಕು ಎಂದು ವರ್ಷಗಟ್ಟಲೆ ಹಿಂದೆ ಬಿದ್ದರು. 2007ರ ಏಪ್ರಿಲಿನಲ್ಲಿ ಟೆಕ್ಸಾಸ್‌ನ ಬ್ಲಾಂಕೋ ಎಂಬ ಸಣ್ಣ ಊರಿನ ಸ್ಟುಡಿಯೋದಲ್ಲಿ ಅದು ಕೈಗೂಡಿತು. ಜ್ಯಾನಿಸ್‌ಗೆ 67. ಆ ವರ್ಷದ ಮೊದಲಲ್ಲೇ ಮಗ ತೀರಿಕೊಂಡಿದ್ದ. ಯಾರ ಬಸುರಿಗಾಗಿ ಅವರು ಎಲ್ಲ ಕಳೆದುಕೊಂಡರೋ ಆ ಮಗ. ಆ ದುಃಖ ಎದೆಯಲ್ಲಿಟ್ಟುಕೊಂಡೇ ಬಂದು ಹಾಡಿದರು. ಸೆಪ್ಟೆಂಬರ್ 3ರಂದು ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಹಾಡುಗಳು ಟೇಪಿನಲ್ಲೇ ಉಳಿದವು. ತೀರಿಹೋದವರ, ಅದೂ ಯಾರಿಗೂ ನೆನಪಿಲ್ಲದವರ ಆಲ್ಬಂ ಯಾವ ಕಂಪನಿಗೆ ಬೇಕು? ಐದು ವರ್ಷ ರೋಸಿ ಬಾಗಿಲು ತಟ್ಟಿದರು. ಕೊನೆಗೆ ಅಭಿಮಾನಿಗಳು ಇಂಟರ್ನೆಟ್ಟಿನ ಮೂಲಕ ಹತ್ತು, ಇಪ್ಪತ್ತು ಡಾಲರ್ ಹಾಕಿ ಹಣ ಕೂಡಿಸಿದರು. 2012ರಲ್ಲಿ ಕೌ ಐಲ್ಯಾಂಡ್ ಎಂಬ ಪುಟ್ಟ ಕಂಪನಿಯಿಂದ ‘ದ ಬ್ಲಾಂಕೋ ಸೆಷನ್ಸ್’ ಬಂತು.

ಅದನ್ನು ಹುಡುಕಿ ಕೇಳಿ. ಅದರಲ್ಲಿ ರೂತ್ ಬ್ರೌನ್ ಹಾಡಿದ್ದ ‘ಆಸ್ ಲಾಂಗ್ ಆಸ್ ಐಯಾಮ್ ಮೂವಿನ್’ ಕೂಡ ಇದೆ. ಮೊದಲು 1956ರ ‘ಡ್ರಗ್‌ಸ್ಟೋರ್’ ಕೇಳಿ, ಆಮೇಲೆ ಇದನ್ನು ಹಾಕಿ. ನಡುವೆ 51 ವರ್ಷ. ಗಂಟಲು ದಪ್ಪವಾಗಿದೆ, ಸ್ವಲ್ಪ ಒರಟಾಗಿದೆ. ಮೇಲಿನ ಸ್ವರಕ್ಕೆ ಹೋಗುವಾಗ ತಟ್ಟನೆ ಒಡೆದು ಎಸೆಯುವ ಆ ಮುರಿತ ಮಾತ್ರ ಅಲ್ಲೇ ಇದೆ, ಹದಿಮೂರರಲ್ಲಿ ರೇಡಿಯೋ ಪಕ್ಕ ಕೂತು ಕಲಿತದ್ದು.